ಕಡಲ ಮರಳಿನ ಜಗುಲಿ

ಬಿಳಿ ಭಾನುವಾರಕ್ಕೆ ಇನ್ನು ಒಂಬತ್ತೇ ದಿನ ಉಳಿದಿತ್ತು. ನಮ್ಮ ಸಮೋವಾದಲ್ಲಿ ಅದು ಮಕ್ಕಳ ಹಬ್ಬ. ಅವತ್ತು ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಬೈಬಲ್ ವಚನ ಒಪ್ಪಿಸುತ್ತಾರೆ. ಊಟಕ್ಕೂ ಅವರೇ ಮೊದಲು ಕೂರುತ್ತಾರೆ, ದೊಡ್ಡವರು ಬಡಿಸುತ್ತಾರೆ. ಹಬ್ಬಕ್ಕೆ ಮುಂಚೆ ಚರ್ಚಿಗೂ ಪಾದ್ರಿಗಳ ಮನೆಗೂ ಬಣ್ಣ ಬಳಿಯುವುದು ಊರ ಹೆಂಗಸರ ಪಾಲಿನ ಕೆಲಸ. ಆ ಶುಕ್ರವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಸೇರಿ, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾ, ಪಾದ್ರಿಗಳ ಮನೆಯ ಜಗುಲಿಗೆ ಬಣ್ಣ ಹಚ್ಚುತ್ತಿದ್ದರು.

ಆ ಮನೆಗೆ ತಗಡಿನ ಮಾಡು. ಮುಂದಿನ ಜಗುಲಿಗೆ ಮಾತ್ರ ಕಾಂಕ್ರೀಟಿನ ಚಾವಣಿ. ಊರಿನ ಮರ್ಯಾದೆಗೆ ತಕ್ಕಂತೆ ಇರಲಿ ಎಂದು ಹನ್ನೆರಡು ವರ್ಷದ ಹಿಂದೆ ಕಟ್ಟಿಸಿದ್ದು. ಕಟ್ಟಿದವನು ಪೆಸಮಿನೊ ಮೇಸ್ತ್ರಿ. ಅವನು ಅವತ್ತು ತನ್ನ ಏಣಿ ಕೊಡಲು ಬಂದವನು ಸುಮ್ಮನೆ ಹೋಗಬಹುದಿತ್ತು. ಪಾದ್ರಿಗಳ ಹೆಂಡತಿ ಲೆಪೆಕಾ ಬಿಡಲಿಲ್ಲ.

"ಬಾ ಇಲ್ಲಿ ಮೇಸ್ತ್ರಿ, ಈ ಕಂದು ಕಲೆ ನೋಡು. ಪ್ರತಿ ವರ್ಷ ಮೂರು ಸಲ ಬಳೀತೀವಿ, ಮಳೆ ಬಂದ್ರೆ ಮತ್ತೆ ಹಲ್ಲು ಕಿರಿಯುತ್ತೆ. ಏನಪ್ಪಾ ನಿನ್ನ ಕೆಲಸ!"

ಹೆಂಗಸರೆಲ್ಲ ನಕ್ಕರು. ಪೆಸಮಿನೊ ಏಣಿ ಹತ್ತಿ ನೋಡಿದ. ಕಲೆ ಹೋದ ವರ್ಷ ಅಂಗೈಯಷ್ಟಿತ್ತು, ಈಗ ಚಾವಣಿಯ ಅರ್ಧಕ್ಕೆ ಹಬ್ಬಿತ್ತು. ಪಕ್ಕದಲ್ಲಿ ಉಗುರು ತೂರುವಷ್ಟು ಬಿರುಕು. ಕರಣೆಯ ಹಿಡಿಯಿಂದ ತಟ್ಟಿದ. ಗಟ್ಟಿ ಕಾಂಕ್ರೀಟು ಟಣ್ ಎನ್ನಬೇಕು. ಇದು ಹಣ್ಣಾದ ಹಲಸಿನ ಹಾಗೆ ಡಬ್ ಡಬ್ ಎಂದಿತು. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಂಡಿದೆ, ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತಿದೆ ಎಂದು ಅವನಿಗೆ ಗೊತ್ತಾಯಿತು. "ನೋಡೋಣ" ಎಂದಷ್ಟೇ ಹೇಳಿ ಇಳಿದ.

ಜಗುಲಿಯ ಹತ್ತಿರ ಆ ಸದ್ದು ಕೇಳಿಸಿಕೊಂಡಿದ್ದ ಫುಆತಿನೊ ದಾರಿಯಲ್ಲಿ ಅವನನ್ನು ತಡೆದಳು. ಅರವತ್ತು ದಾಟಿದ ಹೆಂಗಸು, ಊರಿನಲ್ಲೇ ಒಳ್ಳೆಯ ಚಾಪೆ ನೇಯುವವಳು ಎಂದರೆ ಅವಳೇ. ಎರಡು ತಿಂಗಳ ಹಿಂದೆ ಅವಳ ಮನೆಯ ಜಗುಲಿಯ ಚಾವಣಿಯಿಂದ ಕಾಂಕ್ರೀಟಿನ ಒಂದು ದೊಡ್ಡ ಚಕ್ಕೆ ಕಳಚಿ, ನೇಯುತ್ತಿದ್ದ ಬಲಗೈ ಮೇಲೆ ಬಿದ್ದಿತ್ತು. ಎರಡು ಬೆರಳು ಜಜ್ಜಿಹೋಗಿದ್ದವು. ಆ ಜಗುಲಿಯೂ ಪೆಸಮಿನೊ ಕಟ್ಟಿದ್ದೇ.

"ಅದೇ ಸದ್ದು ಅಲ್ವೇನೋ?" ಎಂದಳು. "ನನ್ನ ಮನೇಲೂ ಬೀಳೋಕೆ ಮುಂಚೆ ಹಾಗೇ ಡಬ್ ಅಂತಿತ್ತು. ಪೊರಕೆ ತಾಗಿದ್ರೆ ಕೇಳ್ತಿತ್ತು."

"ಅಕ್ಕ..."

"ನಿಮ್ಮಣ್ಣ ಬಂದು ಚಂಡಮಾರುತಕ್ಕೆ ಅಲ್ಲಾಡಿತ್ತು ಅಂತ ಹೇಳಿ, ಸಮಾಧಾನಕ್ಕೆ ಒಂದು ಹಂದಿ ಕೊಟ್ಟು ಹೋದ. ತಿಂದ್ವಿ. ನಾನು ಏನೂ ಕೇಳ್ಲಿಲ್ಲ. ಈಗ ಕೇಳ್ತಿದೀನಿ. ಚಂಡಮಾರುತವೇನೋ ಅದು?"

ಪೆಸಮಿನೊ ನೆಲ ನೋಡಿದ. "ಅಲ್ಲ ಅಕ್ಕ. ಮರಳು."

"ದಿನಾ ಸಂಜೆ ಪಾದ್ರಿಗಳ ಮನೆ ಚಾವಣಿ ಕೆಳಗೆ ನಲವತ್ತು ಮಕ್ಕಳು ವಚನ ಕಲೀತಾರೆ. ನನ್ನ ಮೊಮ್ಮಗಳೂ ಇದಾಳೆ. ನನಗಾದ್ರೆ ಎರಡು ಬೆರಳು ಹೋಯ್ತು, ಇನ್ನು ಎಂಟಿದಾವೆ. ಆ ಮಗುಗೆ ಇರೋದು ಒಂದೇ ತಲೆ."

ಅಷ್ಟು ಹೇಳಿ ಅವಳು ತನ್ನ ದಾರಿ ಹಿಡಿದಳು. ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಮರಳಿನ ಕಥೆ ದೊಡ್ಡದೇನಲ್ಲ. ಪಾದ್ರಿಗಳ ಮನೆಯ ಜಗುಲಿ ಕಟ್ಟುವಾಗ ಪಟ್ಟಣದಿಂದ ಚರ್ಚಿನ ಹಿರಿಯರು ಬರುವ ದಿನ ನಿಗದಿಯಾಗಿತ್ತು. ಹೊಳೆ ಮರಳಿನ ಲಾರಿ ಬರಲಿಲ್ಲ. ಆಗ ಪೆಸಮಿನೊನ ಅಣ್ಣ ಉಲುಗಿಯಾ, ಮನೆತನದ ಮುಖ್ಯಸ್ಥನ ಪಟ್ಟ ಹೊತ್ತವನು, ಚರ್ಚಿನ ಹಿರಿಯ, "ಕಣ್ಣೆದುರಿಗೇ ಇಷ್ಟು ಮರಳಿದೆಯಲ್ಲೋ" ಎಂದು ಕಡಲ ಕಡೆ ಕೈ ತೋರಿಸಿದ. ಇಡೀ ಊರು ಹಾಡು ಹೇಳಿಕೊಂಡು ಬುಟ್ಟಿಯಲ್ಲಿ ಹೊತ್ತು ತಂದಿತು. ಉಪ್ಪು ಹೋಗುವ ತನಕ ಸಿಹಿನೀರಿನಲ್ಲಿ ತೊಳೆಯದಿದ್ದರೆ ಸರಳು ಕೊಳೆಯುತ್ತದೆ ಎಂದು ಪೆಸಮಿನೊಗೆ ಗೊತ್ತಿತ್ತು. ಆದರೆ ಅದು ಬೇಸಿಗೆ, ಕುಡಿಯಲಿಕ್ಕೇ ನೀರು ಸಾಲದು. ಅಣ್ಣನ ಎದುರು ಬಾಯಿ ಬರಲಿಲ್ಲ. ಜಗುಲಿ ಚೆನ್ನಾಗಿಯೇ ನಿಂತಿತು. ಪಾದ್ರಿಗಳ ಮನೆಗೆ ಆದದ್ದು ನಮಗಾಗದೇ ಎಂದು ಇನ್ನೂ ನಾಲ್ಕು ಮನೆಯವರು ಅದೇ ಮರಳಿನಲ್ಲಿ ಜಗುಲಿ ಹಾಕಿಸಿಕೊಂಡರು. ಎರಡನೆಯ ಸಲ ಬಾಯಿ ಮುಚ್ಚಿಕೊಂಡಿರುವುದು ಮೊದಲನೆಯದಕ್ಕಿಂತ ಸುಲಭ.

ಅವತ್ತು ಮಧ್ಯಾಹ್ನವೇ ಅವನು ಅಣ್ಣನ ಮನೆಗೆ ಹೋಗಿ ಎಲ್ಲ ಹೇಳಿದ. ಉಲುಗಿಯಾ ಟಾರೋ ಗೆಡ್ಡೆ ತಿನ್ನುತ್ತಿದ್ದವನು ಕೈ ನಿಲ್ಲಿಸಿದ.

"ನಿನಗೆ ತಲೆ ಕೆಟ್ಟಿದೆಯೇನೋ? ಹಬ್ಬ ಇಟ್ಕೊಂಡು ಪಾದ್ರಿಗಳ ಮನೆ ಬೀಳುತ್ತೆ ಅಂತ ಸಾರೋಕೆ ಹೊರಟಿದೀಯ? ಆ ಮರಳು ಹೊತ್ತಿದ್ದು ಯಾರು? ಇಡೀ ಊರು! ನೀನೊಬ್ಬನೇ ಯಾಕೆ ತಲೆ ಮೇಲೆ ಹಾಕ್ಕೋತೀಯ?"

"ಹೊತ್ತವರಿಗೆ ಗೊತ್ತಿರ್ಲಿಲ್ಲ ಅಣ್ಣ. ನನಗೆ ಗೊತ್ತಿತ್ತು."

"ಹಾಗಾದ್ರೆ ಅವತ್ತೇ ಬೊಗಳಬೇಕಿತ್ತು." ಉಲುಗಿಯಾನ ದನಿ ಇಳಿಯಿತು. "ನೋಡು, ನಾನೇನು ರಾಕ್ಷಸ ಅಲ್ಲ. ಹಬ್ಬ ಆದ್ಮೇಲೆ ಸದ್ದಿಲ್ಲದೆ ಒಂದೆರಡು ಕಂಬದ ಆಸರೆ ಕೊಡೋಣ. ಅಲ್ಲೀತನಕ ಬಾಯಿ ಮುಚ್ಕೊಂಡಿರು. ನಮ್ಮ ಮನೆತನದ ಹೆಸರು ಮಣ್ಣುಪಾಲು ಮಾಡ್ಬೇಡ."

ಪೆಸಮಿನೊ ನೇರ ಪಾದ್ರಿಗಳ ಹತ್ತಿರ ಹೋದ. ಪಾದ್ರಿ ಮೀಕಾ ಒಳ್ಳೆಯ ಮನುಷ್ಯ, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಹೊಸ ಬಣ್ಣದ ಚಾವಣಿಯನ್ನು ಒಮ್ಮೆ ನೋಡಿದ.

"ಹನ್ನೆರಡು ವರ್ಷ ನಿಂತಿದೆ ಮೇಸ್ತ್ರಿ, ಒಂದು ವಾರ ನಿಲ್ಲಲ್ವಾ? ಚರ್ಚಿನೊಳಗೆ ಬಣ್ಣ ಹಸಿ, ಬೆಂಚೆಲ್ಲಾ ಹೊರಗಿದೆ. ಮರದ ಕೆಳಗೆ ಕೂರಿಸಿದ್ರೆ ದಿನಾ ಮಳೆ. ಮಕ್ಕಳು ತಿಂಗಳಿಂದ ಕಾಯ್ತಿದಾರೆ, ಹೆದರಿಸಬೇಡ. ಹಬ್ಬ ಮುಗೀಲಿ, ನಾನೇ ಸಭೆ ಕರೀತೀನಿ."

"ಈ ವಾರದಲ್ಲೇ ಬಿದ್ರೆ?"

"ದೇವರಿದಾನೆ" ಎಂದ ಪಾದ್ರಿ. ಹೇಳಿದವನಿಗೇ ಅದು ಅಷ್ಟು ರುಚಿಸಿದಂತೆ ಕಾಣಲಿಲ್ಲ.

ಮನೆಗೆ ಬಂದಾಗ ಹೆಂಡತಿ ಎತೆವಿಸೆ ಮುಖ ನೋಡಿಯೇ ವಿಷಯ ತಿಳಿದಳು. ಅವನು ಊಟ ಬಿಟ್ಟು, ಪೆಟ್ಟಿಗೆಯಲ್ಲಿರುವ ನುಣುಪು ಚಾಪೆ ಬೇಕು ಎಂದ. ಅದು ಅವಳ ತಾಯಿ ಎರಡು ವರ್ಷ ಕೂತು ನೇಯ್ದದ್ದು, ರೇಷ್ಮೆಯಷ್ಟು ಮೆತ್ತಗಿತ್ತು. ಮದುವೆಗೆ, ಸಾವಿಗೆ ಬಿಟ್ಟರೆ ಹೊರಗೆ ಬರುವಂಥದ್ದಲ್ಲ.

"ಯಾಕೆ?"

"ಇಫೋಗಾ ಕೂರ್ತೀನಿ."

ನಮ್ಮಲ್ಲಿ ಯಾರಿಗಾದರೂ ದೊಡ್ಡ ಕೇಡಾದರೆ ತಪ್ಪು ಮಾಡಿದ ಕಡೆಯವರು ಬೆಳಕು ಹರಿಯುವ ಮೊದಲೇ ನೊಂದವರ ಮನೆಯೆದುರು ಹೋಗಿ, ಅಂಥ ಚಾಪೆ ಹೊದ್ದು, ತಲೆ ತಗ್ಗಿಸಿ ಕೂರುತ್ತಾರೆ. ಅದೇ ಇಫೋಗಾ. ಮನೆಯವರು ಬಂದು ಚಾಪೆ ತೆಗೆದು ಒಳಗೆ ಕರೆದರೆ ಕ್ಷಮಿಸಿದಂತೆ. ಹಾಗೆ ಕೂತವರನ್ನು ದಾಟಿಕೊಂಡು ಯಾರೂ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

"ಯಾರೂ ಸತ್ತಿಲ್ವಲ್ಲ!" ಎಂದಳು ಎತೆವಿಸೆ. "ಅಲ್ಲದೆ ಅದಕ್ಕೆ ಮುಂದೆ ಕೂರಬೇಕಾದೋರು ಪಟ್ಟದವರು. ಭಾವ ಬರ್ತಾರಾ?"

"ಬರಲ್ಲ."

ಅವಳು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಳು. "ಜನ ನಗ್ತಾರೆ ಕಣ್ರೀ."

"ನಗಲಿ. ನಗೋಕಾದ್ರೂ ಹೊರಗೆ ನಿಲ್ತಾರಲ್ಲ."

ಎತೆವಿಸೆ ಪೆಟ್ಟಿಗೆ ತೆಗೆದಳು. ಕಣ್ಣಲ್ಲಿ ನೀರಿತ್ತು, ಆದರೂ ಚಾಪೆಯನ್ನು ಅವಳೇ ಮಡಚಿ ಕೊಟ್ಟಳು.

ಜಗುಲಿಯ ಬಣ್ಣ ಆರಲಿ ಎಂದು ಶುಕ್ರವಾರ ಸಂಜೆ ಮಕ್ಕಳ ಅಭ್ಯಾಸ ಬಿಟ್ಟಿದ್ದರು, ಶನಿವಾರ ಬೆಳಗ್ಗೆಯೇ ಇತ್ತು. ಪಾದ್ರಿ ಬಾಗಿಲು ತೆಗೆದಾಗ ಜಗುಲಿಯ ಮೆಟ್ಟಿಲ ಬುಡದಲ್ಲಿ ಚಾಪೆ ಹೊದ್ದ ಒಬ್ಬ ಮನುಷ್ಯ ಕೂತಿದ್ದ. ಪಾದ್ರಿ ಹೊಸ್ತಿಲಿಗೆ ಬಂದ.

"ಯಾರದು? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಪಾದ್ರಿಗಳೇ" ಎಂದಿತು ಚಾಪೆಯೊಳಗಿನ ದನಿ. "ಆಗೋಕೆ ಮೊದಲೇ ಬಂದಿದೀನಿ. ಕಡಲ ಮರಳು ಅಂತ ಗೊತ್ತಿದ್ದೂ ಹಾಕಿದವನು ನಾನು."

ಪಾದ್ರಿ ಬಾಗಿಲಲ್ಲೇ ನಿಂತುಬಿಟ್ಟ. ಅಷ್ಟರಲ್ಲಿ ಮಕ್ಕಳು ಗಲಾಟೆ ಮಾಡುತ್ತಾ ಓಡಿ ಬಂದವು. ಚಾಪೆ ಕಂಡು ಗಪ್‌ಚಿಪ್ಪಾದವು. ಹಿಂದೆಯೇ ತಾಯಂದಿರು ಬಂದರು, ಫುಆತಿನೊ ಮೊಮ್ಮಗಳ ಕೈ ಹಿಡಿದು ಬಂದಳು. ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಉಲುಗಿಯಾ ಬಿರುಸಿನಿಂದ ಬಂದ. ತಮ್ಮನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿದ.

"ಏಳೋ ಮೇಲೆ! ಪಟ್ಟದವನು ನಾನಿದೀನಿ. ನನ್ನ ಕೇಳದೆ ಇಲ್ಲಿ ಕೂರೋಕೆ ನೀನ್ಯಾರೋ?"

"ಮೇಸ್ತ್ರಿ" ಎಂದ ಪೆಸಮಿನೊ.

ಮಳೆ ಶುರುವಾಯಿತು. ನಮ್ಮ ಕಡಲ ಮಳೆ ಹೇಳಿ ಕೇಳಿ ಬರುವುದಲ್ಲ, ಒಮ್ಮೆಲೇ ಸುರಿಯಿತು. ಮಕ್ಕಳು ಅಭ್ಯಾಸಬಲದಿಂದ ಜಗುಲಿಯತ್ತ ನುಗ್ಗಿದವು. ಮೆಟ್ಟಿಲ ಬಳಿ ಬಂದು, ಕೂತವನನ್ನು ನೋಡಿ, ಅಲ್ಲೇ ನಿಂತವು. ಯಾವುದೋ ಮಗು ಅಳತೊಡಗಿತು. "ಪಾದ್ರಿಗಳೇ, ಏನಾದ್ರೂ ಮಾಡಿ, ಮಕ್ಕಳು ನೆನೀತಿದಾವೆ!" ಎಂದು ಒಬ್ಬ ತಾಯಿ ಕೂಗಿದಳು. ಯಾರೂ ದಾಟಲಿಲ್ಲ. ನೆನೆದ ಚಾಪೆ ಪೆಸಮಿನೊನ ಬೆನ್ನಿಗೆ ಅಂಟಿತ್ತು. ಎತೆವಿಸೆ ದೂರದಲ್ಲಿ ತಲೆಯ ಮೇಲೆ ಬಾಳೆಎಲೆ ಹಿಡಿದು ನಿಂತು, ತಾಯಿಯ ನೇಯ್ಗೆ ಹಾಳಾಗುವುದನ್ನು ನೋಡುತ್ತಿದ್ದಳು.

ಪಾದ್ರಿ ಮೀಕಾ ಮಳೆಗಿಳಿದು ಬಂದ. ಚಾಪೆ ತೆಗೆದ. ಪೆಸಮಿನೊನ ಕೈ ಹಿಡಿದು ಎಬ್ಬಿಸಿ, ಪದ್ಧತಿಯಂತೆ, "ಏಳು ತಮ್ಮಾ, ಒಳಗೆ ಬಾ" ಎಂದು ಮೆಟ್ಟಿಲ ಕಡೆ ತಿರುಗಿದ.

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟವನು ತಲೆಯೆತ್ತಿ ನೋಡಿದ. ನಿನ್ನೆ ಬಳಿದ ಬಿಳಿಯ ಮೇಲೆ ಕಂದು ಕಲೆ ಆಗಲೇ ಮೂಡಿತ್ತು. ಪಾದ್ರಿ ಕಾಲು ಹಿಂದೆ ತೆಗೆದ.

"ಇಲ್ಲಿಂದ ಬೇಡ" ಎಂದ. ಮತ್ತೆ ಎಲ್ಲರಿಗೂ ಕೇಳುವಂತೆ ಕೂಗಿದ: "ಲೆಪೆಕಾ, ಅಡುಗೆಮನೆ ಬಾಗಿಲು ತೆಗಿ! ಮಕ್ಕಳೇ, ಎಲ್ಲರೂ ಹಿಂದಿನಿಂದ ಬನ್ನಿ. ಇವತ್ತಿಂದ ಯಾರೂ ಈ ಜಗುಲಿಗೆ ಕಾಲಿಡಬಾರದು, ನಾನೂ ಸೇರಿ."

ನಲವತ್ತು ಮಕ್ಕಳು ಕೆಸರು ತುಳಿಯುತ್ತಾ ಮನೆಯ ಹಿಂದಕ್ಕೆ ಓಡಿದವು.

ಪೆಸಮಿನೊ ಒಳಗೆ ಹೋಗಲಿಲ್ಲ. "ಕೂರೋಕೆ ಹೊತ್ತಿಲ್ಲ ಪಾದ್ರಿಗಳೇ. ಇನ್ನೂ ನಾಲ್ಕು ಮನೆ ಇದಾವೆ" ಎಂದು ನೆನೆದ ಚಾಪೆ ಎತ್ತಿಕೊಂಡ.

ಉಲುಗಿಯಾ ಇನ್ನೂ ಅಲ್ಲೇ ಇದ್ದ. ಮಕ್ಕಳು ಹೋದ ದಾರಿ ನೋಡುತ್ತಿದ್ದ. ಯಾರ ಮುಖವನ್ನೂ ನೋಡದೆ, "ಮೊದಲು ಫುಆತಿನೊ ಮನೆ" ಎಂದ. "ಅಲ್ಲಿ ಚಂಡಮಾರುತ ಅಂತ ಹೇಳಿದ್ದು ನಾನು. ಅಲ್ಲಿ ಮುಂದೆ ಕೂರಬೇಕಾದವನು ನಾನೇ."

ಫುಆತಿನೊ ಕೇಳಿಸಿಕೊಂಡಳು. ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೆ ಒತ್ತಿಕೊಂಡು ಮಳೆಯಲ್ಲೇ ಮನೆಯ ಕಡೆ ಬೇಗ ಬೇಗ ನಡೆದಳು. ಬರುವವರು ಬರುವಾಗ ಮನೆಯಲ್ಲಿ ಜನ ಇರಬೇಕಲ್ಲ.