ಕೂತವ ಏಳಬೇಕಲ್ಲ

"ಪಂಚೆ ಬಿಚ್ಚೋ ಹುಚ್ಚ, ತೊಡೆ ಕಾಣ್ಬೇಕು. ಹೆಂಡ್ತಿ ಎದುರಿಗೆ ಎಂತ ನಾಚಿಕೆಯೋ ನಿಂಗೆ, ಕತ್ತೆ!"

ಸುಜಯ ಡಾಕ್ಟರು ಹೀಗೆ ಅಂದದ್ದು ಶಿರಸಿಯ ಕಲ್ಯಾಣ ಮಂಟಪದಲ್ಲಿ, ಅಡುಗೆ ಕೋಣೆಯ ಬಾಗಿಲಿಗೆ ನಿಂತು. ಒಳಗೆ ಡಾಕ್ಟರುಗಳ ಸಭೆ. ಅವರಿಗೆಲ್ಲ ನನ್ನ ಗಂಡನ ಕಾಲು ತೋರಿಸುವುದಿತ್ತು. ಅವನು ಪಂಚೆ ಬಿಚ್ಚಿ ನನ್ನ ಕೈಗೆ ಕೊಟ್ಟ. ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತ. ನನಗೆ ಸಿಟ್ಟೂ ಬರಲಿಲ್ಲ.

ಇಡಗುಂದಿಯ ಕಾಡಿನಲ್ಲಿ ಲಾರಿಗೆ ಮರದ ನಾಟಾ ಏರಿಸುವಾಗ ದಿಮ್ಮಿ ಜಾರಿ ಅವನ ತೊಡೆ ಮುರಿದಿತ್ತು. ಸುಜಯ ಡಾಕ್ಟರು ಕಬ್ಬಿಣದ ಸಲಾಕೆ ತೂರಿಸಿ ಮೂಳೆ ಕೂಡಿಸಿದರು. ಕೂಡಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಲಾಕೆಯ ತುದಿ ಮೇಲೆದ್ದು ಸೊಂಟಕ್ಕೆ ಚುಚ್ಚುತ್ತದೆ. ಕುಕ್ಕರುಗಾಲಲ್ಲಿ ಕೂತರೆ ಏಳಲಾಗದು. ನಾಟಾ ಹೊರುವವನು ಕೂತು ಹೆಗಲು ಕೊಟ್ಟೇ ಏಳಬೇಕು. ಏಳಲಾರದವನನ್ನು ಕಾಡಿನ ಕೆಲಸಕ್ಕೆ ಯಾರೂ ಕರೆಯುವುದಿಲ್ಲ.

"ಸಲಾಕೆ ತೆಗೀರಿ ಒಡೆಯಾ" ಎಂದು ಅವರ ಆಸ್ಪತ್ರೆಗೆ ಅಲೆದು ಅಲೆದು ಸಾಕಾಗಿತ್ತು. ಈಗ ಅವರೇ ಬಾಯಿಬಿಟ್ಟರು.

"ಇವತ್ತು ಚೊಲೋ ಮಾಡಿ ತೋರ್ಸು, ನಾಳೆನೇ ತೆಗೀತೆ. ಸುಮ್ನೆ ಕುಕ್ಕರುಗಾಲಲ್ಲಿ ಕೂತ್ಕ. ಫೋಟೋ ತೋರ್ಸುಕೆ ಲೈಟ್ ಆರಿಸ್ತಾರೆ, ಆಗ ನಮ್ಮ ಉದಯ ನಿನ್ನ ಎತ್ಕಂಡು ಬರ್ತಾನೆ, ಯಾರಿಗೂ ಕಾಣುದಿಲ್ಲ. ನನ್ನ ಮರ್ಯಾದೆ ತೆಗೆದ್ಯೋ, ಮತ್ತೆ ಆಸ್ಪತ್ರೆ ಮೆಟ್ಲು ಹತ್ಬೇಡ."

ಉದಯ ಅವರ ಕಂಪೌಂಡರು. ಅವನು ನೆಲ ನೋಡುತ್ತ ನಿಂತಿದ್ದ.

ಒಳಗೆ ಸುಜಯ ಡಾಕ್ಟರು ಅವನನ್ನು ಎಲ್ಲರೆದುರು ನಿಲ್ಲಿಸಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು; ನಾನು ಪಂಚೆ ಹಿಡಿದು ಗೋಡೆ ಬದಿಗೆ ಕೂತಿದ್ದೆ. ಆಮೇಲೆ ಕನ್ನಡಕ್ಕೆ ಇಳಿದರು.

"ಈಗ ಮೊದಲಿನ ಹಾಂಗೇ ನಾಟಾ ಹೊರ್ತೀಯಲ್ಲೋ ಹುಚ್ಚ?"

ನನ್ನ ಗಂಡ ಹಲ್ಲು ಕಚ್ಚಿ, ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ. ಚಪ್ಪಾಳೆ ಬಿತ್ತು. ಮುಂದೆ ಕೂತ ಮುದುಕ ಡಾಕ್ಟರೊಬ್ಬರು "ಭೇಷ್" ಅಂದರು. ಲೈಟು ಆರಿತು.

"ಮುಟ್ಬೇಡ!"

ಕತ್ತಲಲ್ಲಿ ಕೂಗಿದವನು ನನ್ನ ಗಂಡ.

"ಕೈ ತೆಗಿಯೋ ಉದಯ! ಲೈಟ್ ಹಾಕ್ರೋ ಬೋಳಿಮಕ್ಳಾ! ಕೂತದ್ದು ನೋಡಿ ಚಪ್ಪಾಳೆ ಹೊಡೆದ್ರಲ್ಲ, ಏಳುದನ್ನೂ ನೋಡ್ಕಂಡು ಹೋಗಿ!"

ಯಾರೋ ಲೈಟು ಹಾಕಿದರು. ಅವನು ಎರಡೂ ಕೈ ನೆಲಕ್ಕೂರಿ ಏಳಹೋದ. ಸೊಂಟ ಸ್ವಲ್ಪ ಎದ್ದಿತು, ಅಷ್ಟರಲ್ಲಿ ಮಗ್ಗುಲಿಗೆ ಬಿದ್ದ. ಮತ್ತೆ ಕೈ ಊರಿದ. ಮತ್ತೆ ಬಿದ್ದ.

ಸುಜಯ ಡಾಕ್ಟರು ನನ್ನ ಹತ್ತಿರ ಧಾವಿಸಿ ಬಂದರು. ಮೋರೆ ಬೆವೆತಿತ್ತು.

"ಮಂಜೀ, ಎಬ್ಸೇ ಅವನ್ನ! ಸಲಾಕೆ ತೆಗೀಬೇಕೋ ಬ್ಯಾಡ್ವೋ ನಿಂಗೆ?"

ತೆಗೆಯಬೇಕಿತ್ತು. ಅದಕ್ಕೇ ಅಲ್ಲವೇ ನಾವು ಬಂದದ್ದು. ನನ್ನ ಗಂಡ ಮೂರನೇ ಸಲ ಕೈ ಊರುತ್ತಿದ್ದ.

"ಎಲ್ಲರೂ ನೋಡ್ಲಿ ಬಿಡಿ" ಅಂದೆ. ಕೂತಲ್ಲಿಂದ ಏಳಲಿಲ್ಲ.