ಲಿಫ್ಟಿನವನ ಮಗಳು

ಆ ಆಸ್ಪತ್ರೆಯ ಹಳೆಯ ಕಟ್ಟಡದ ಲಿಫ್ಟು ಗುಂಡಿ ಒತ್ತಿದರೆ ಓಡುವಂಥದ್ದಲ್ಲ. ಜಾಲರಿ ಬಾಗಿಲನ್ನು ಕೈಯಿಂದ ಎಳೆಯಬೇಕು, ಹಿತ್ತಾಳೆಯ ಹಿಡಿಯನ್ನು ತಿರುಗಿಸಬೇಕು, ಕೊನೆಗೆ ಲಿಫ್ಟಿನ ನೆಲವನ್ನು ಮಹಡಿಯ ನೆಲಕ್ಕೆ ಸರಿಯಾಗಿ ಕೂಡಿಸಿ ನಿಲ್ಲಿಸಬೇಕು. ಒಂದು ಬೆರಳು ಆಚೀಚೆ ಆದರೂ ಸ್ಟ್ರೆಚರಿನ ಚಕ್ರ ಧಡ್ ಎನ್ನುತ್ತದೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವರ ಜೀವ ಬಾಯಿಗೆ ಬರುತ್ತದೆ. ಹುಡುಗಿಯ ಅಪ್ಪ ಆ ಹಿಡಿಯ ಮುಂದೆ ನಿಂತ ಮೇಲೆ ಯಾರ ಜೀವವೂ ಹಾಗೆ ಬಾಯಿಗೆ ಬಂದದ್ದಿಲ್ಲ.

ಅಮ್ಮನಿಗೆ ಅದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಶಾಲೆ ಬಿಟ್ಟ ಮೇಲೆ ಮಗಳನ್ನು ಎಲ್ಲಿ ಬಿಡುವುದು? ಲಿಫ್ಟಿನ ಮೂಲೆಯಲ್ಲೇ ಒಂದು ಮೋಟು ಸ್ಟೂಲು ಹಾಕಿಕೊಟ್ಟರು. ಬೇರೆ ಮಕ್ಕಳು ಅಂಗಳದಲ್ಲಿ ಬೆಳೆದರೆ ಇವಳು ಮೇಲೆ ಕೆಳಗೆ ಹೋಗುತ್ತಾ ಬೆಳೆದಳು. ಲಿಫ್ಟಿಗೆ ಕಿಟಕಿ ಎಲ್ಲಿಂದ ಬರಬೇಕು? ಹೊರಗೆ ಬಿಸಿಲೋ ಮಳೆಯೋ ಎಂಬುದು ಅಪ್ಪ ಮಗಳಿಗೆ ತಿಳಿಯುತ್ತಿದ್ದುದು ಒಳಗೆ ಬಂದವರ ಮೈಯಿಂದ. ಕೊಡೆಯ ತುದಿಯಿಂದ ತೊಟ್ಟಿಕ್ಕುವ ನೀರು, ಕತ್ತಿನ ಬೆವರು, ಗಾಳಿಗೆ ಕೆದರಿದ ಕೂದಲು.

"ಇವತ್ತು ಗಾಳಿ ಜೋರು, ಅಪ್ಪ."

"ಹೇಗೆ ಗೊತ್ತು ನಿನಗೆ?"

"ಆ ಅಜ್ಜ ಟೋಪಿ ಕೈಯಲ್ಲಿ ಹಿಡ್ಕೊಂಡಿದ್ರು."

ಬೇರೆ ಮಕ್ಕಳಿಗೆ ಮಳೆಯೆಂದರೆ ನೆನೆಯುವುದು. ಅವಳಿಗೆ ಮಳೆಯೆಂದರೆ ಊಹಿಸುವುದು. ಕಣ್ಣೆದುರು ಇಲ್ಲದ್ದರ ಮೇಲೇ ಮನಸ್ಸು ಹೆಚ್ಚಲ್ಲವೇ? ಸಂಜೆ ಅಪ್ಪನ ಕೆಲಸ ಮುಗಿದದ್ದೇ ತಡ, ಹುಡುಗಿ ಗೇಟಿನಾಚೆ ಓಡಿ, ಕತ್ತು ನೋಯುವವರೆಗೂ ಮೋಡ ನೋಡುತ್ತಾ ನಿಲ್ಲುತ್ತಿದ್ದಳು. ದೊಡ್ಡವಳಾದಂತೆ ಆ ನೋಟವೇ ಹಂಬಲವಾಯಿತು. ಗಾಳಿ ಎಲ್ಲಿ ಹುಟ್ಟುತ್ತದೆ, ಮೋಡ ಯಾಕೆ ಇಲ್ಲಿ ಸುರಿಯದೆ ಅಲ್ಲಿ ಸುರಿಯುತ್ತದೆ, ಇದನ್ನೆಲ್ಲ ಕಲಿಸುವ ಕಾಲೇಜೊಂದು ದೂರದ ಕಡಲ ತೀರದಲ್ಲಿದೆ ಎಂದು ಭೂಗೋಳದ ಟೀಚರು ಹೇಳಿದ ದಿನ ಅವಳಿಗೆ ಅನ್ನ ಸೇರಲಿಲ್ಲ.

ಆದರೆ ಅಷ್ಟು ಹೊತ್ತಿಗಾಗಲೇ ಆಸ್ಪತ್ರೆ ಅವಳಿಗೊಂದು ಹೆಸರಿಟ್ಟುಬಿಟ್ಟಿತ್ತು. ಒಂದು ದಿನ ಮೂಳೆ ಡಾಕ್ಟರು ಲಿಫ್ಟಿನೊಳಗೆ ಬಂದು, ಸ್ಟೂಲಿನ ಮೇಲೆ ಗಂಭೀರವಾಗಿ ಕುಳಿತಿದ್ದ ಪುಟ್ಟ ಹುಡುಗಿಯನ್ನು ನೋಡಿ, "ಏನು ಮರಿ ಡಾಕ್ಟ್ರೇ, ರೌಂಡ್ಸ್ ಮುಗೀತಾ?" ಎಂದಿದ್ದರು. ಅವರು ನಗೆಗೆ ಅಂದದ್ದು ಅಪ್ಪನ ಎದೆಯಲ್ಲಿ ಬೇರು ಬಿಟ್ಟಿತು. ಅಂದಿನಿಂದ ಹತ್ತಿ ಇಳಿಯುವವರಿಗೆಲ್ಲ ಅವಳು ಮರಿ ಡಾಕ್ಟರು. ಮೂಳೆ ಡಾಕ್ಟರು ತಾವು ಓದಿದ ದಪ್ಪ ಪುಸ್ತಕ ತಂದುಕೊಟ್ಟರು. ಮಕ್ಕಳ ಡಾಕ್ಟರು ಹಳೆಯ ಸ್ಟೆತಸ್ಕೋಪು ಕೊಟ್ಟರು. ರಕ್ತ ಪರೀಕ್ಷೆಯವರು ತಮ್ಮ ಊಟದ ಹೊತ್ತಿನಲ್ಲಿ, ಒಂದು ಕೈಯಲ್ಲಿ ಡಬ್ಬಿ ಹಿಡಿದು, ಜೀವಶಾಸ್ತ್ರ ಹೇಳಿಕೊಟ್ಟರು. ದೊಡ್ಡ ಸಿಸ್ಟರು ಬಿಳಿ ಕೋಟೊಂದನ್ನು ತಂದು, "ದೊಡ್ಡದಾಗುತ್ತೆ, ಇರಲಿ, ಬೆಳೆಯೋ ಮಗು" ಎಂದರು.

ಅಪ್ಪ ಒಮ್ಮೆಯೂ ಓದು ಎಂದು ಗದರಿದವನಲ್ಲ. ಗದರಿದ್ದರೆ ಎದುರು ಮಾತಾಡಬಹುದಿತ್ತು. ಪ್ರೀತಿಯಿಂದ ಕೊಟ್ಟ ಪುಸ್ತಕಕ್ಕೆ ಎದುರು ಮಾತು ಎಲ್ಲಿಂದ ತರುವುದು? ಒಂದೇ ಕೋಣೆಯ ಆ ಮನೆಯಲ್ಲಿ ಕಪಾಟಿನ ಅರ್ಧ ಆಸ್ಪತ್ರೆಯ ಕೊಡುಗೆಗಳಿಂದಲೇ ತುಂಬಿತ್ತು. ಹುಡುಗಿ ಮಲಗುವಾಗ ಅದಕ್ಕೆ ಬೆನ್ನು ಮಾಡುತ್ತಿದ್ದಳು.

ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬಂದೇ ಬಂದಿತು. ಕಡಿಮೆ ಬಂದಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಗಿ, ಅವಳು ಮೊದಲು ಅಮ್ಮನ ಬಳಿ ಹೋದಳು. ವಾರದೊಳಗೆ ಯಾವ ಓದು ಎಂದು ತಿಳಿಸಬೇಕಾಗಿತ್ತು. ಅಮ್ಮ ಆಸ್ಪತ್ರೆಯ ಹಿಂದಿನ ಬಯಲಲ್ಲಿ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದಳು. ಹುಡುಗಿ ಇನ್ನೊಂದು ತುದಿ ಹಿಡಿದು ಹಿಂಡುತ್ತಾ ಎಲ್ಲ ಹೇಳಿದಳು.

"ಹವಾಮಾನ ಅಂದ್ರೆ, ರೇಡಿಯೋದಲ್ಲಿ ವಾರ್ತೆ ಆದ್ಮೇಲೆ ಹೇಳ್ತಾರಲ್ಲ, ಅದಾ?"

"ಅದೂ ಸೇರಿ, ಅಮ್ಮ."

"ಅದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕು? ನನ್ನ ಮೊಣಕಾಲನ್ನ ಕೇಳು, ಎರಡು ದಿನ ಮುಂಚೇನೇ ಹೇಳುತ್ತೆ."

ಹುಡುಗಿಗೆ ನಗು ಬಂತು, ಹಿಂದೆಯೇ ಅಳುವೂ. ಅಮ್ಮ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸಿ, ಒದ್ದೆ ಕೈಯಿಂದಲೇ ಮಗಳ ಕೆನ್ನೆ ಒರೆಸಿದಳು. ಒರೆಸಿದ್ದಕ್ಕಿಂತ ಒದ್ದೆ ಮಾಡಿದ್ದೇ ಹೆಚ್ಚು.

"ನನಗೂ ನೀನು ಡಾಕ್ಟರಾಗ್ಲಿ ಅಂತಾನೇ ಆಸೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಿಮ್ಮಪ್ಪನಿಗೆ ನೀನೇ ಹೇಳ್ಬೇಕು. ನನ್ನ ಬಾಯಿಂದ ಆ ಮಾತು ಹೊರಡಲ್ಲ."

ಹೇಳಲು ಹೊತ್ತು ಹುಡುಕುತ್ತಿರುವಾಗಲೇ ಅಪ್ಪ ಅವಳನ್ನು ಲಿಫ್ಟಿಗೆ ಕರೆದುಕೊಂಡು ಹೋದ. ಅಂಕ ಬಂದ ಮಗಳನ್ನು ಎಲ್ಲರೂ ನೋಡಬೇಡವೇ? ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಹಿಡಿ ತಿರುಗಿಸುತ್ತಿದ್ದ ಅಪ್ಪನ ಮುಖ ಅವತ್ತು ಹಿತ್ತಾಳೆಗಿಂತ ಹೆಚ್ಚು ಹೊಳೆಯುತ್ತಿತ್ತು. ಎರಡನೆಯ ಮಹಡಿಯಲ್ಲಿ ಮೂಳೆ ಡಾಕ್ಟರು ಹತ್ತಿದರು. ಗಾಲಿಕುರ್ಚಿಯಲ್ಲಿ ಕಾಲಿಗೆ ಪಟ್ಟಿ ಸುತ್ತಿದ ಒಬ್ಬ ಮುದುಕರು, ಅವರನ್ನು ತಳ್ಳುವವನು, ಕೊನೆಗೆ ಹೆರಿಗೆ ವಾರ್ಡಿನ ವಯಸ್ಸಾದ ಡಾಕ್ಟರಮ್ಮ.

"ನಮ್ಮ ಮರಿ ಡಾಕ್ಟ್ರು ಗೆದ್ದುಬಿಟ್ರಲ್ಲ. ಇನ್ನು ನಮಗೆಲ್ಲ ರಜ" ಎಂದರು ಮೂಳೆ ಡಾಕ್ಟರು.

"ಎಲ್ಲ ನಿಮ್ಮ ಆಶೀರ್ವಾದ, ಸಾರ್. ನಿಮ್ಮ ಪುಸ್ತಕ ನಮ್ಮನೇಲಿ ದೇವರ ಹಾಗಿದೆ" ಎಂದ ಅಪ್ಪ.

ಡಾಕ್ಟರಮ್ಮ ಅಪ್ಪನನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದರು. "ನಿನಗೇನು ಓದಬೇಕು ಅಂತಿದೆ ಮಗು? ನೀನು ಹೇಳಿದ್ದನ್ನ ನಾನು ಒಂದು ದಿನವೂ ಕೇಳಿಲ್ಲ."

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೇ ನೇರವಾಗಿ ಯಾರೂ ಕೇಳಿರಲಿಲ್ಲ. ಅದಕ್ಕೇ ಇರಬೇಕು, ಸುಳ್ಳು ಉತ್ತರ ಸಿದ್ಧವಿರಲಿಲ್ಲ.

"ಹವಾಮಾನ" ಎಂದಳು. "ಮೋಡ, ಗಾಳಿ, ಮಳೆ. ಅದರ ಓದು" ಎಂದು ನೆಲ ನೋಡುತ್ತಾ ಸೇರಿಸಿದಳು.

ಅಪ್ಪ ತಿರುಗಲಿಲ್ಲ. ಹಿಡಿಯ ಮೇಲಿದ್ದ ಕೈ ಮಾತ್ರ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಲಿಫ್ಟು ಮಹಡಿಗಿಂತ ಒಂದು ಗೇಣು ಕೆಳಗೇ ನಿಂತುಬಿಟ್ಟಿತು. ಜಾಲರಿ ಎಳೆದು ನೋಡಿದ ಅಪ್ಪನ ಕಿವಿ ಕೆಂಪಾಯಿತು. ಅವನು ಮತ್ತೆ ಹಿಡಿಗೆ ಕೈ ಹಾಕುವ ಮೊದಲೇ ಡಾಕ್ಟರಮ್ಮ ಸೀರೆಯ ನಿರಿಗೆ ತುಸು ಎತ್ತಿಕೊಂಡು, ಎಂದಿನ ನೆಲದ ಮೇಲೆ ನಡೆಯುವವರಂತೆ, ಕೆಳಗೆ ನೋಡದೆ ಹತ್ತಿ ಹೋದರು. ಮೂಳೆ ಡಾಕ್ಟರೂ ಗಾಲಿಕುರ್ಚಿಯ ಒಂದು ಬದಿಗೆ ಕೈ ಕೊಟ್ಟು ಎತ್ತಿದರು. ಕುರ್ಚಿಯ ಮುದುಕರು ನೋವಿಗೆ ಹಲ್ಲು ಕಚ್ಚಿಕೊಂಡು, ತಳ್ಳುವವನಿಗೆ, "ಏನಾಗಿಲ್ಲಪ್ಪ, ನೀನು ನಡಿ" ಎಂದರು.

ಬೈಗುಳವಾದರೆ ತಡೆದುಕೊಳ್ಳಬಹುದಿತ್ತು. ಅವರೆಲ್ಲರ ಆ ಒಳ್ಳೆಯತನ ಅಪ್ಪನನ್ನು ಬಗ್ಗಿಸಿಬಿಟ್ಟಿತು. ಮಗಳಿಗೆ ಅವನ ಬೆನ್ನು ಕಾಣುತ್ತಿತ್ತು. ಮುಟ್ಟಬೇಕೆನಿಸಿತು, ಕೈ ಮುಂದೆ ಹೋಗಲಿಲ್ಲ.

ಮನೆಯಲ್ಲಿ ಅಪ್ಪ ಮಾತು ಬಿಡಲಿಲ್ಲ. ಚಹಾ ಆಯ್ತಾ ಎಂದು ಕೇಳುತ್ತಿದ್ದ, ಬಾಗಿಲು ಹಾಕು ಎನ್ನುತ್ತಿದ್ದ. ಆದರೆ ಬೆಳಿಗ್ಗೆ ಹೊರಡುವಾಗಲೆಲ್ಲ ಕಪಾಟಿನಿಂದ ಒಂದೊಂದನ್ನೇ ತೆಗೆದು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ದಪ್ಪ ಪುಸ್ತಕ, ಮರುದಿನ ಸ್ಟೆತಸ್ಕೋಪು. ಕೊಟ್ಟವರು ಇಟ್ಕೊಳ್ಳಪ್ಪ ಎಂದರೂ ಕೇಳದೆ, ಬೇರೆ ಯಾವುದಾದರೂ ಮಗುವಿಗೆ ಆಗುತ್ತೆ ಎಂದು ಅವರವರ ಮೇಜಿನ ಮೇಲಿಟ್ಟು ಕೈಮುಗಿದು ಬರುತ್ತಿದ್ದನಂತೆ. ಅಮ್ಮ ಬಂದು ಹೇಳಿದಳು. ಹುಡುಗಿ ಎಷ್ಟೋ ವರ್ಷ ಬೆನ್ನು ಮಾಡಿ ಮಲಗಿದ್ದ ಕಪಾಟು ಖಾಲಿಯಾಗುತ್ತಾ ಬಂತು. ಈಗ ಅದರ ಕಡೆಗೇ ಮುಖ ಮಾಡಿ ಮಲಗಿದರೂ ನಿದ್ದೆ ಸುಳಿಯಲಿಲ್ಲ.

ಕೋಟು ಮಾತ್ರ ವಾಪಸ್ಸು ಬಂತು.

"ದೊಡ್ಡ ಸಿಸ್ಟರು ತಗೊಳ್ಳಲಿಲ್ಲ" ಎಂದ ಅಪ್ಪ ಊಟಕ್ಕೆ ಕೂರುತ್ತಾ. "ಕಡಲ ತೀರದಲ್ಲಿ ಚಳಿ ಗಾಳಿ ಇರುತ್ತೆ, ಹೊದ್ಕೊಳ್ಳಲಿ ಅಂದ್ರು."

ಯಾರೂ ನಗಲಿಲ್ಲ. ಅಮ್ಮ ನೀರು ತರುವ ನೆಪದಲ್ಲಿ ಎದ್ದು ಹೋದಳು. ಅಪ್ಪ ತಟ್ಟೆಯಲ್ಲಿ ತುತ್ತು ಕಲಸುತ್ತಾ ಹೇಳಿದ:

"ನನ್ನ ಆಸೆ ಬಹಳ ದೊಡ್ಡದು ಅಂದ್ಕೊಂಡಿದ್ದೆ ಕಣೇ. ನಿನ್ನೆ ಕೂತು ಯೋಚನೆ ಮಾಡಿದ್ರೆ, ಅದು ಇಷ್ಟೇ ಇಷ್ಟು. ನೀನು ಬಿಳಿ ಕೋಟು ಹಾಕ್ಕೊಂಡು ಒಳಗೆ ಬರ್ತೀಯ. ನಾನು ಗುರುತೇ ಇಲ್ಲದವನ ಹಾಗೆ, ಯಾವ ಮಹಡಿ ಡಾಕ್ಟ್ರೇ ಅಂತೀನಿ. ನೀನು ನಗು ತಡ್ಕೊಂಡು ಹೇಳ್ತೀಯ. ಅಲ್ಲಿಗೆ ಮುಗೀತು. ಆಮೇಲೆ ನೀನು ಇಳಿದು ಏನು ಮಾಡ್ತೀಯ, ರೋಗಿ ನೋಡ್ತೀಯ, ರಾತ್ರಿ ನಿದ್ದೆ ಕೆಡ್ತೀಯ, ಅದೊಂದೂ ನನ್ನ ಕನಸಲ್ಲಿ ಇರ್ಲೇ ಇಲ್ಲ. ಬರೀ ಒಂದು ಸಲ ಮೇಲೆ ಹೋಗೋದು."

ಹುಡುಗಿ ಅಪ್ಪನ ಕಡೆ ನೋಡಿದಳು. ಇಷ್ಟೇ ತಾನೇ ಕೇಳುತ್ತಿದ್ದಾನೆ, ಕೊಟ್ಟುಬಿಟ್ಟರೇನು? ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ, ಮೋಡವನ್ನು ಗೇಟಿನಾಚೆ ನಿಂತೂ ನೋಡಬಹುದು. ಸರಿ ಅಪ್ಪ, ಓದ್ತೀನಿ ಎಂಬ ಮಾತು ನಾಲಿಗೆಯ ತುದಿಗೇ ಬಂತು. ಅವಳು ಬಾಯಿ ತೆರೆದಳು.

"ಬೇಡ" ಎಂದ ಅಪ್ಪ, ಎಡಗೈ ಎತ್ತಿ. "ನೀನು ಏನು ಹೇಳೋಕೆ ಹೊರಟಿದ್ದೀಯ ಅಂತ ಗೊತ್ತು. ಹೇಳ್ಬೇಡ. ಈಗ ನೀನು ಹ್ಞೂಂ ಅಂದ್ರೆ ನಾನು ಒಪ್ಕೊಂಡುಬಿಡ್ತೀನಿ. 'ಬೇಡಮ್ಮ, ನಿನ್ನಿಷ್ಟದ್ದೇ ಓದು' ಅನ್ನೋ ಅಷ್ಟು ಒಳ್ಳೆಯವನಲ್ಲ ನಾನು. ಅದಕ್ಕೇ ಹೇಳ್ಬೇಡ. ಸುಮ್ನೆ ಊಟ ಮಾಡು."

ಅವಳು ತಲೆ ತಗ್ಗಿಸಿ ತುತ್ತು ಬಾಯಿಗಿಟ್ಟಳು. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು. ಅಪ್ಪ ಅವಳತ್ತ ನೋಡದೆ, ತನ್ನ ತಟ್ಟೆಯನ್ನೇ ನೋಡುತ್ತಾ, ಅವಳು ನುಂಗುವುದನ್ನು ಕಾಯುತ್ತಿದ್ದ.

"ರೈಲಿಗೆ ಎಷ್ಟು ಹೊತ್ತು, ಅಲ್ಲಿಗೆ?"

"ಒಂದು ಹಗಲು, ಒಂದು ರಾತ್ರಿ."

"ಅಷ್ಟು ದೂರವಾ?" ಎಂದ ಅಪ್ಪ. ಬಾಗಿಲ ಮರೆಯಲ್ಲಿ ನಿಂತಿದ್ದ ಅಮ್ಮನಿಗೂ ಕೇಳುವಂತೆ, "ರಜಕ್ಕೆ ಬರ್ತಾಳೆ ಬಿಡು" ಎಂದ.