ನದಿ ದಾಟಿ ಬಂದ ಮಿಠಾಯಿ ಡಬ್ಬಿ

ನೆಲ್ಡಾ ಹ್ಯಾಚ್‌ಗೆ ಮಂಡಿನೋವು. ಅದೇನು ಊರಿಗೆ ಹೊಸ ಕಾಯಿಲೆಯಲ್ಲ. ಐಡಹೋ ರಾಜ್ಯದ ಆ ಸಕ್ಕರೆ ಬೀಟ್‌ಗೆಡ್ಡೆ ಬೆಳೆಯುವ ಸೀಮೆಯಲ್ಲಿ ಐವತ್ತು ದಾಟಿದವರು ಮಂಡಿ ಹಿಡಿದುಕೊಳ್ಳದೆ ಕುರ್ಚಿ ಬಿಟ್ಟು ಏಳುವುದೇ ಅಪರೂಪ. ಆದರೆ ನೆಲ್ಡಾಳಿಗೆ ನೋಯುತ್ತಿದ್ದದ್ದು ಬಲಮಂಡಿ, ಶಾಲಾ ಬಸ್ಸಿನ ಬ್ರೇಕ್ ಒತ್ತುವ ಕಾಲು. ಇಪ್ಪತ್ತೆರಡು ವರ್ಷದಿಂದ ಅವಳು ಹಳದಿ ಬಸ್ಸು ಓಡಿಸುತ್ತಿದ್ದಳು. ಗಂಡ ಮೆರಿಲ್‌ಗೆ ಕೈಕಾಲು ನಡುಗುವ ಪಾರ್ಕಿನ್ಸನ್ ರೋಗ. ಅವನ ಮಾತ್ರೆ, ಡಾಕ್ಟರು ಎಲ್ಲ ನಡೆಯುತ್ತಿದ್ದದ್ದು ಅವಳ ಕೆಲಸದ ಜೊತೆಗೆ ಬಂದ ವಿಮೆಯಿಂದ. ಬಸ್ಸು ಬಿಟ್ಟರೆ ಮೆರಿಲ್‌ನ ಮಾತ್ರೆಯೂ ಬಿಟ್ಟಂತೆ.

ನದಿಯ ಆಚೆ ದಡ ಒರೆಗಾನ್ ರಾಜ್ಯ. ಅಲ್ಲಿ ಮಾರಾಟ ತೆರಿಗೆ ಇಲ್ಲ. ಹಾಗಾಗಿ ಶನಿವಾರ ಬಂತೆಂದರೆ ಇಡೀ ಊರು ಸೇತುವೆ ಮೇಲೆ. ಟೈರು, ಬೂಟು, ನಾಯಿ ಊಟ, ಎಲ್ಲವೂ ಅಲ್ಲಿಂದಲೇ. ಅದೇ ರಸ್ತೆಯಲ್ಲಿ ದೊಡ್ಡ ದೊಡ್ಡ ಗಾಂಜಾ ಅಂಗಡಿಗಳೂ ಇವೆ. ಅಲ್ಲಿ ಅದಕ್ಕೆ ಪರವಾನಗಿ ಉಂಟು. ಅವುಗಳ ಮುಂದೆ ಐಡಹೋ ನಂಬರಿನ ಕಾರು ಕಂಡರೆ ನೆಲ್ಡಾ ಮುಖ ತಿರುಗಿಸುತ್ತಿದ್ದಳು. ಅವಳ ಚರ್ಚಿನ ಸಭೆಯವರಿಗೆ ಹೆಂಡ, ತಂಬಾಕು ಹಾಗಿರಲಿ, ಕಾಫಿ, ಟೀ ಕೂಡ ನಿಷಿದ್ಧ. ಹುಟ್ಟಿದಾಗಿನಿಂದ ಒಂದು ಗುಟುಕು ಕಾಫಿ ಕುಡಿದವಳಲ್ಲ ಅವಳು.

ಮಿಠಾಯಿ ಸಿಕ್ಕಿದ್ದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಚೂಯಿಂಗ್ ಗಮ್ ಪಕ್ಕದಲ್ಲಿ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ. ‘ಹೆಂಪ್ ಮಿಠಾಯಿ. ಕೀಲುನೋವಿಗೆ, ನಿದ್ದೆಗೆ. ಕೇಂದ್ರ ಕಾನೂನಿಗೆ ಬದ್ಧ’ ಎಂದು ಬರೆದಿತ್ತು. ಸಭೆಯವರು ಬೇಡವೆಂದ ಪಟ್ಟಿಯಲ್ಲಿ ಇದರ ಹೆಸರಿಲ್ಲವಲ್ಲ ಎಂದುಕೊಂಡಳು ನೆಲ್ಡಾ. ವಾರದೊಳಗೆ ಮಂಡಿ ಹಗುರಾಯಿತು.

ಮೆರಿಲ್‌ನ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಾಗ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಅಂಗಡಿಯ ಔಷಧಿ ತಜ್ಞೆ ಮೈತೆ ಉರುತಿಯಾ, ಚಿಕ್ಕವಳಿದ್ದಾಗ ನೆಲ್ಡಾಳ ಬಸ್ಸಿನಲ್ಲೇ ಶಾಲೆಗೆ ಹೋದವಳು.

“ನೆಲ್ಡಮ್ಮಾ, ಮಂಡಿ ಹೇಗಿದೆ?”

“ಕುಣೀಬಹುದು ಕಣೇ! ದಿನಾ ಎರಡು ಹೆಂಪ್ ಮಿಠಾಯಿ ತಿಂತಿದೀನಿ.”

ಚೀಟಿ ಅಂಟಿಸುತ್ತಿದ್ದ ಮೈತೆಯ ಕೈ ನಿಂತಿತು. “ಎಲ್ಲಿ ತಗೊಂಡ್ರಿ?”

“ಹೊಳೆ ಆಚೆ, ಪೆಟ್ರೋಲ್ ಬಂಕಲ್ಲಿ. ಆ ಅಂಗಡೀಲಲ್ಲ ಕಣಮ್ಮ, ಹಾಗೆ ನೋಡ್ಬೇಡ ನನ್ನ.”

“ಯಾವ ಅಂಗಡಿ ಆದ್ರೇನು? ಹೆಂಪೂ ಗಾಂಜಾ ಜಾತಿ ಗಿಡಾನೇ. ಅಮಲು ತರೋ ಅಂಶ ಇರುತ್ತಲ್ಲ, ಟಿಎಚ್‌ಸಿ ಅಂತ, ಅದು ಅದ್ರಲ್ಲಿ ಇದ್ಯಾ?”

“ಇದ್ರೂ ಸಾಸಿವೆ ಕಾಳಷ್ಟು ಅಂತ ಬರ್ದಿದಾರೆ.”

“ಒರೆಗಾನ್‌ನಲ್ಲಿ ಅಷ್ಟು ನಡೆಯುತ್ತೆ. ನಮ್ಮ ಐಡಹೋದಲ್ಲಿ ಸೊನ್ನೆ ಅಂದ್ರೆ ಸೊನ್ನೆ. ಸೇತುವೆ ಅರ್ಧ ದಾಟಿದ್ರಿ ಅಂದ್ರೆ ಅದು ಮಿಠಾಯಿ ಅಲ್ಲ, ಗಾಂಜಾ.”

“ಹೋಗೇ, ಹೋಗೇ! ಟೈರು ತಂದ್ರೆ ಟೈರೇ ಆಗಿರುತ್ತೆ. ಬೂಟು ತಂದ್ರೆ ಬೂಟೇ. ಇದೊಂದು ಮಾತ್ರ ಸೇತುವೆ ಮೇಲೆ ವೇಷ ಬದಲಾಯಿಸುತ್ತಾ?”

“ಕಾನೂನು ಬದಲಾಗುತ್ತೆ, ನೆಲ್ಡಮ್ಮ. ಅದೂ ಅಲ್ದೆ ನೀವು ಬಸ್ ಓಡಿಸೋರು. ನಿಮಗೆ ಮೂತ್ರ ಪರೀಕ್ಷೆ ಇದೆ. ದಯವಿಟ್ಟು ಇವತ್ತೇ ನಿಲ್ಲಿಸಿ.”

“ನಿನ್ನ ಅಂಗಡಿ ಮಾತ್ರೆ ಕೊಂಡ್ಕೊಳ್ಳಲಿ ಅಂತ ತಾನೇ?” ಎಂದು ನೆಲ್ಡಾ ನಕ್ಕು ಹೊರಟಳು. ಮೈತೆ ನಗಲಿಲ್ಲ.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಬಸ್ ನಿಲ್ದಾಣಕ್ಕೆ ಪರೀಕ್ಷೆಯ ವ್ಯಾನು ಬಂತು. ಕಂಪ್ಯೂಟರ್ ಆರಿಸಿದ ಐದು ಹೆಸರುಗಳಲ್ಲಿ ನೆಲ್ಡಾಳದೂ ಒಂದು. ಕಾಫಿ ಕೂಡ ಕುಡಿಯದವಳಿಗೆ ಎಂಥ ಭಯ? ಎಲ್ಲರಿಗಿಂತ ಮುಂದೆ ಹೋಗಿ ಬಾಟಲಿ ತುಂಬಿಸಿ ಕೊಟ್ಟಳು.

ಮುಂದಿನ ವಾರ ಪರೀಕ್ಷೆಯ ವೈದ್ಯರ ಫೋನು. ನಿಮ್ಮ ಮೂತ್ರದಲ್ಲಿ ಗಾಂಜಾದ ಅಂಶವಿದೆ, ವೈದ್ಯರು ಬರೆದುಕೊಟ್ಟ ಔಷಧಿ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ನೆಲ್ಡಾ ಮಿಠಾಯಿಯ ಕಥೆ ಹೇಳಿದಳು. ಆತ ಒರಟಾಗಿ ಮಾತಾಡಲಿಲ್ಲ. “ಅಮ್ಮ, ಹೆಂಪ್ ತಿಂದೆ ಅನ್ನೋದನ್ನ ನಾವು ಕಾರಣ ಅಂತ ಒಪ್ಪೋ ಹಾಗಿಲ್ಲ,” ಎಂದರು ಅಷ್ಟೇ. ಆ ಮಧ್ಯಾಹ್ನವೇ ಬಸ್ಸಿನ ಕೀಲಿ ವಾಪಸು ಕೊಡಬೇಕಾಯಿತು.

ಶಾಲಾ ಮಂಡಳಿಯ ಮುಂದೆ ವಿಚಾರಣೆ ನಿಗದಿಯಾಯಿತು. ಮೆರಿಲ್ ಕೆಂಡವಾಗಿದ್ದ. ವಿಚಾರಣೆಯ ದಿನ ಬೆಳಿಗ್ಗೆ ಅವನೇ ಡಬ್ಬಿಯನ್ನು ಹುಡುಕಿ ತೆಗೆದ.

“ಇದನ್ನ ಅವರ ಮೇಜಿನ ಮೇಲೆ ಕುಕ್ತೀನಿ! ಓದ್ಕೊಳ್ಳಿ, ಕಣ್ಣಿಲ್ವಾ ಅಂತೀನಿ. ಕೇಂದ್ರ ಕಾನೂನಿಗೆ ಬದ್ಧ ಅಂತ ಇಷ್ಟಗಲ ಬರ್ದಿದೆ.”

ನಡುಗುವ ಕೈಯಲ್ಲಿ ಡಬ್ಬಿ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಅಷ್ಟರಲ್ಲಿ ಮೈತೆ ಬಂದಳು, ನೆಲ್ಡಾಳಿಗೆ ಧೈರ್ಯ ಹೇಳಿ ಹೋಗಲೆಂದು. ಮೆರಿಲ್ ಆ ಡಬ್ಬಿಯನ್ನು ಕೋಟಿನ ಜೇಬಿಗೆ ತುರುಕುವುದನ್ನು ಕಂಡು ಬಾಗಿಲಿಗೆ ಅಡ್ಡ ನಿಂತಳು.

“ಮೆರಿಲಣ್ಣ, ಅದನ್ನ ಶಾಲೆ ಒಳಗೆ ಒಯ್ತೀರಾ? ಮನೇಲಿಟ್ಟರೂ ತಪ್ಪು, ಕಾರಲ್ಲಿಟ್ಟರೂ ತಪ್ಪು. ಶಾಲೆಗೆ ಒಯ್ದ್ರೆ ಇನ್ನೂ ದೊಡ್ಡ ತಪ್ಪು. ಇವತ್ತಿಗೆ ಕೆಲಸ ಒಂದೇ ಹೋಗೋದು. ಇದನ್ನ ತೋರಿಸಿದ್ರೆ ನಿಮ್ಮಿಬ್ಬರ ಮೇಲೂ ಕೇಸು.”

“ಸಾಕ್ಷಿ ಕಣಮ್ಮ ಇದು!”

“ಸಾಕ್ಷೀನೇ. ನಿಮ್ಮ ಮೇಲೆ.”

“ಹಾಗಾದ್ರೆ ಕೇಂದ್ರ ಕಾನೂನಿಗೆ ಬೆಲೆ ಇಲ್ವೇನೇ?”

“ಕೇಂದ್ರ ಬೇಡ ಅನ್ನದೆ ಇದ್ದದ್ದನ್ನ ರಾಜ್ಯ ಬೇಡ ಅನ್ನಬಹುದು. ಕೇಂದ್ರದ ಕಾನೂನೂ ನಿಂತಲ್ಲೇ ನಿಂತಿಲ್ಲ, ಬದಲಾಗ್ತಾನೇ ಇದೆ. ಡಬ್ಬಿ ಮಾಡೋನು ಅವನಿಗೆ ಲಾಭ ಆಗೋದನ್ನ ಬರೀತಾನೆ. ಒಳಗಿರೋದು ಎಷ್ಟು ಅಂತ ಕೂಡ ಎಷ್ಟೋ ಸಲ ಸರಿಯಾಗಿ ಬರ್ದಿರಲ್ಲ. ನನ್ನ ಮಾತು ಬೇಡ, ಈಗಲೇ ವಕೀಲರಿಗೆ ಫೋನ್ ಮಾಡಿ.”

ಮೆರಿಲ್ ಫೋನ್ ಮಾಡಿದ. ವಕೀಲೆ ಹೇಳಿದ್ದನ್ನು ನಿಂತೇ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಕುರ್ಚಿ ಎಳೆದು ಕುಳಿತ. ಡಬ್ಬಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಅದು ಕಚ್ಚೀತು ಎಂಬಂತೆ ಕೈ ಹಿಂದಕ್ಕೆಳೆದುಕೊಂಡ.

“ಆಯಮ್ಮನೂ ಇದನ್ನೇ ಹೇಳ್ತಾಳೆ, ನೆಲ್ಡಾ. ಇದು ಬಾಗಿಲು ದಾಟಬಾರದಂತೆ. ಮುಂದೇನು ಮಾಡ್ಬೇಕು ಅಂತ ಅವಳೇ ಬಂದು ಹೇಳ್ತಾಳಂತೆ. ನಾನು ನಿನ್ನ ಜೈಲಿಗೆ ಕಳಿಸ್ತಿದ್ದೆನಲ್ಲೇ.”

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಮಂಡಳಿಯವರಲ್ಲಿ ಮೂವರು ನೆಲ್ಡಾಳ ಬಸ್ಸಿನಲ್ಲಿ ಓದಲು ಹೋದವರೇ. ಅವರು ಅವಳ ಮುಖ ನೋಡದೆ ಕೈ ಎತ್ತಿದರು. ಕೆಲಸ ಹೋಯಿತು. ತಿಂಗಳ ಕೊನೆಗೆ ವಿಮೆಯೂ ಹೋಗುವುದಿತ್ತು.

ಅವರ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸ. ಅಂದು ಪ್ರವಚನ ಇರುವುದಿಲ್ಲ. ಮನಸ್ಸಿಗೆ ಬಂದವರು ವೇದಿಕೆಗೆ ಹೋಗಿ ತಮ್ಮ ಮಾತು ಹೇಳಿಕೊಳ್ಳಬಹುದು. ನೆಲ್ಡಾ ಎದ್ದಳು. ಬೆಂಚುಗಳ ನಡುವೆ ಕುಂಟುತ್ತ ನಡೆಯುವಾಗ ಅವಳಿಗೆ ನಾಚಿಕೆಯಿಂದ ಸತ್ತೇ ಹೋಗುವೆನೆನ್ನಿಸಿತು.

“ಊರಲ್ಲಿ ಏನೇನೋ ಮಾತಾಡ್ಕೊಳ್ತಿದೀರಿ ಅಂತ ಗೊತ್ತು,” ಎಂದಳು. “ನಾನು ಗಾಂಜಾ ಸೇದಿಲ್ಲ. ಆದ್ರೆ ತಿಂದಿದೀನಿ, ತಿಳೀದೆ. ತಿಳಿಸಿದವಳನ್ನ ನೋಡಿ ನಕ್ಕಿದೀನಿ. ಹೊಳೆ ಆಚೆ ಸಿಗುತ್ತೆ ಅಂದ ಮಾತ್ರಕ್ಕೆ ಹೊಳೆ ಈಚೆ ತರಬಹುದು ಅಂತಲ್ಲ. ನಿಮ್ಮ ಮನೇಲೂ ಅಂಥದ್ದಿದ್ರೆ ಇನ್ನೊಂದು ಬಾಯಿಗೆ ಹಾಕ್ಬೇಡಿ. ಕೇಳಿ, ತಿಳ್ಕೊಳ್ಳಿ.”

ಸಭೆ ಮುಗಿದ ಮೇಲೆ ಕೆಲವರು ಕೈ ಕುಲುಕಿದರು, ಕೆಲವರು ಬೇರೆ ಬಾಗಿಲಿನಿಂದ ಹೋದರು. ಕಾರಿನ ಹತ್ತಿರ ಅದೇ ಸಭೆಯ ಲುಡೀನ್ ಪ್ರ್ಯಾಟ್ ಕಾಯುತ್ತಿದ್ದಳು. ಅವಳ ಮಗ ಬೇಸಿಗೆಯಲ್ಲಷ್ಟೇ ಸೆರೆಮನೆಯಿಂದ ಷರತ್ತಿನ ಮೇಲೆ ಬಿಡುಗಡೆಯಾಗಿ ಬಂದಿದ್ದ.

“ಸಿಸ್ಟರ್ ಹ್ಯಾಚ್,” ಎಂದಳು ಲುಡೀನ್, ಸಭೆಯವರು ಒಬ್ಬರನ್ನೊಬ್ಬರು ಕರೆಯುವಂತೆ. “ನನ್ನ ಮಗನಿಗೆ ನಿದ್ದೇನೇ ಬರಲ್ಲ. ಮಂಡಿ ವಾಸಿ ಆಯ್ತು ಅಂತ ನೀವೇ ಹೇಳಿದ್ರಲ್ಲ, ಅದನ್ನ ಕೇಳಿ ನಾನೂ ಹೋಗಿ ಅದೇ ಮಿಠಾಯಿ ತಂದೆ. ದಿನಾ ಕೊಡ್ತಿದೀನಿ.”

“ಎಷ್ಟು ದಿನದಿಂದ?”

“ಒಂದು ತಿಂಗಳಾಯ್ತು. ಬುಧವಾರ ಅವನಿಗೆ ಮೂತ್ರ ಪರೀಕ್ಷೆ, ಅದರಲ್ಲಿ ಸಿಕ್ಕಿಬಿದ್ರೆ ಮತ್ತೆ ಜೈಲು. ಅಷ್ಟರಲ್ಲಿ ಮೈಯಿಂದ ಹೋಗುತ್ತೆ, ಅಲ್ವಾ?”

ನೆಲ್ಡಾ ಬಾಯಿ ತೆರೆದಳು. ಹೋಗುತ್ತದೆ ಎನ್ನಲು ಎಷ್ಟು ಆಸೆಯಾಗಿತ್ತೋ! “ಹೋಗಲ್ಲ, ಲುಡೀನ್,” ಎಂದಳು. “ನಾಳೆ ಬೆಳಿಗ್ಗೆ ಅವನನ್ನ ಕರ್ಕೊಂಡು ವಕೀಲರ ಹತ್ರ ಹೋಗೋಣ. ನಿಜ ಹೇಳೋಣ. ನಾನೂ ಬರ್ತೀನಿ.”

ಲುಡೀನ್ ಕಾರಿಗೆ ಒರಗಿ ಅಳತೊಡಗಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಮನೆಯ ಕಪಾಟಿನಲ್ಲಿ ಎಲೆಯ ಚಿತ್ರವಿರುವ ಡಬ್ಬಿ, ಎಣ್ಣೆಯ ಸೀಸೆ ಇದೆಯೇ? ಡಬ್ಬಿಯ ಮೇಲಿನ ಬರಹವನ್ನು ಕಾನೂನೆಂದು ನಂಬಬೇಡಿ. ನೀವು ಇರುವ ರಾಜ್ಯದಲ್ಲಿ, ಕಾರು ಓಡಿಸಿಕೊಂಡು ಹೋಗುವ ರಾಜ್ಯದಲ್ಲಿ ಏನು ನಡೆಯುತ್ತದೆ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ಹೋದ ವರ್ಷ ವಿಚಾರಿಸಿದ್ದರೆ ಈ ವರ್ಷ ಮತ್ತೆ ವಿಚಾರಿಸಿ. ಕೆಲಸದಲ್ಲಿ ಪರೀಕ್ಷೆ ಇದ್ದವರು, ಕೋರ್ಟಿನ ಷರತ್ತು ಇದ್ದವರು, ಕಾನೂನು ಒಪ್ಪಿದ ಊರಿನಲ್ಲೂ ಅದನ್ನು ಮುಟ್ಟಬೇಡಿ. ಈಗಾಗಲೇ ತಂದಿದ್ದರೆ ಇನ್ನೊಬ್ಬರಿಗೆ ಕೊಡಬೇಡಿ, ಕಾರಿನಲ್ಲಿಟ್ಟು ತಿರುಗಬೇಡಿ, ವಕೀಲರನ್ನು ಕೇಳಿ. ಔಷಧಿ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು. ನೆಲ್ಡಾಳಿಗೆ ಕೇಳದೆಯೇ ಉತ್ತರ ಸಿಕ್ಕಿತ್ತು, ಅವಳು ನಕ್ಕುಬಿಟ್ಟಳು. ನೀವು ನಗಬೇಡಿ.